ಶ್ಯಾವಿಗೆ ಒರಳಿನ ಮನೆಯಲ್ಲಿ ಪಾಸ್ತಾ

ಮಂಗಳೂರಿನ ಬಿಜೈಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಶ್ಯಾವಿಗೆ ಒರಳಿದೆ. ಹಲಸಿನ ಮರದ್ದು. ಮೂರು ಕಾಲು, ನಡುವೆ ಹಿತ್ತಾಳೆಯ ಕೊಳವೆ, ಮೇಲೆ ತಿರುಗಿಸುವ ಕಬ್ಬಿಣದ ಹಿಡಿ. ಒಂದು ಕಾಲಿಗೆ ತಂತಿ ಸುತ್ತಿ ಬಿಗಿದಿದೆ. ಆ ಕಾಲು ಸೀಳಿಸಿದವನು ನಾನೇ, ಅದರಲ್ಲಿ ಪಾಸ್ತಾ ಒತ್ತಲು ಹೋಗಿ. ಆ ಕತೆ ಆಮೇಲೆ ಹೇಳುತ್ತೇನೆ.

ನಾನು 11 ವರ್ಷ ಹಡಗಿನ ಅಡುಗೆಮನೆಯಲ್ಲಿದ್ದವನು. ಮೊದಲ ಎರಡು ವರ್ಷ ನೀರುಳ್ಳಿ ಹೆಚ್ಚಿದ್ದು, ಪಾತ್ರೆ ತಿಕ್ಕಿದ್ದು ಅಷ್ಟೇ. ಆಮೇಲೆ ಇಟಲಿಯ ಬಾರಿ ಎಂಬ ಬಂದರು ಊರಿನ ಹಿರಿಯ ಕುಕ್ ಒಬ್ಬರ ಕೈಕೆಳಗೆ ಬಿದ್ದೆ. ಬೈಗುಳ ಜಾಸ್ತಿ, ಮಾತು ಕಡಿಮೆ. ಆದರೆ ಕೈ ಹಿಡಿದು ಕಲಿಸಿದರು. ಈಗ ಊರಿನಲ್ಲೇ ಇದ್ದೇನೆ. ಭಾನುವಾರ ಆದರೆ ತಂಗಿಯ ಮಕ್ಕಳು ಬಾಗಿಲಲ್ಲೇ "ಮಾವ, ಪಾಸ್ತಾ!" ಅಂತ ಕೂಗುತ್ತಾ ಬರುತ್ತಾರೆ. ಅವರ ಗೆಳೆಯರ ಅಮ್ಮಂದಿರು ಹೇಗೆ ಮಾಡೋದು ಅಂತ ಫೋನಿನಲ್ಲಿ ಕೇಳುತ್ತಾರೆ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ.

ಶ್ಯಾವಿಗೆ ಗೊತ್ತಿದ್ದವರಿಗೆ ಪಾಸ್ತಾ ಅರ್ಧ ಗೊತ್ತಿದ್ದ ಹಾಗೆ. ಉಳಿದರ್ಧ ಪೂರ್ತಿ ಉಲ್ಟಾ. ನಾವು ಅಕ್ಕಿ ರುಬ್ಬಿ, ಹಿಟ್ಟನ್ನು ಒಲೆಯ ಮೇಲೆ ಮಗುಚಿ, ಉಂಡೆ ಕಟ್ಟಿ, ಬೇಯಿಸಿ, ಬಿಸಿ ಇರುವಾಗಲೇ ಒತ್ತುತ್ತೇವೆ. ಯಾಕೆ? ಅಕ್ಕಿಯಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಮೊದಲೇ ಬೆಂದರೆ ಮಾತ್ರ ಅದು ಎಳೆಯಾಗಿ ನಿಲ್ಲುತ್ತದೆ. ಗೋಧಿಯಲ್ಲಿ ಗ್ಲುಟೆನ್ ಇದೆ. ನೀರು ಹಾಕಿ ನಾದಿದರೆ ಅದು ಬಲೆಯ ಹಾಗೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಹಾಗಾಗಿ ಹಸಿ ಹಿಟ್ಟನ್ನೇ ಎಳೆ ಮಾಡಿ ಕುದಿಯುವ ನೀರಿಗೆ ಹಾಕಬಹುದು. ಆ ಬಲೆ ಗಟ್ಟಿ ಇದ್ದರೆ ಪಾಸ್ತಾ ಬೆಂದರೂ ಹಲ್ಲಿಗೆ ಸಿಗುತ್ತದೆ. ಸಡಿಲ ಇದ್ದರೆ ಗಂಜಿ. ಪ್ಯಾಕೆಟ್ ಆರಿಸುವುದರಿಂದ ಹಿಡಿದು ಬಟ್ಟಲಿಗೆ ಹಾಕುವವರೆಗೆ ಎಲ್ಲಾ ಕೆಲಸವೂ ಈ ಬಲೆಯನ್ನು ಕಾಪಾಡುವುದಕ್ಕೇ.

ಅಂಗಡಿಯಲ್ಲಿ

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಮುಂದಿನ ಚಿತ್ರ ನೋಡಿ ಪ್ರಯೋಜನ ಇಲ್ಲ. ಪದಾರ್ಥಗಳ ಸಾಲಿನಲ್ಲಿ ಡ್ಯೂರಂ ಗೋಧಿಯ ರವೆ ಅಂತ ಇರಬೇಕು. ಡ್ಯೂರಂ ಅಂದರೆ ಗಟ್ಟಿ ಕಾಳಿನ, ಹಳದಿ ಬಣ್ಣದ ಗೋಧಿ. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕು ಅಂತ 1967ರಲ್ಲಿ ಕಾನೂನೇ ಬಂತು. ನಮ್ಮಲ್ಲಿ ಸಿಗುವ ಅಗ್ಗದ ಕೆಲವು ಪ್ಯಾಕೆಟ್‌ಗಳಲ್ಲಿ ಬರೀ ಸೂಜಿ ರವೆ ಅಥವಾ ಮೈದಾ ಇರುತ್ತದೆ. ಒಮ್ಮೆ ಪಕ್ಕದ ಬೀದಿಯ ಅಂಗಡಿಯಿಂದ ಅಂಥದ್ದೊಂದು ತಂದಿದ್ದೆ. ಏಳು ನಿಮಿಷಕ್ಕೆ ಹೊರಗೆ ಲೋಳೆ, ಒಳಗೆ ಹಿಟ್ಟು. ತಂಗಿಯ ಚಿಕ್ಕ ಮಗ ಚಮಚದಲ್ಲಿ ಕುಡಿದ.

ಆಮೇಲೆ ಪ್ರೋಟೀನ್ ಅಂಕಿ ನೋಡಿ. 100 ಗ್ರಾಮಿಗೆ 12 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಅಂಟು ಆಗುವುದು ಆ ಪ್ರೋಟೀನೇ.

ಮೂರನೆಯದು ಕಣ್ಣಿಗೆ ಬಿಟ್ಟದ್ದು. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿಯಿರಿ. ಗಾಜಿನ ಹಾಗೆ ನುಣುಪಾಗಿ ಹೊಳೆದರೆ ಅದು ಟೆಫ್ಲಾನ್ ಬಿಲ್ಲೆಯಿಂದ ಬಂದದ್ದು. ಮೈ ತುಸು ಒರಟಾಗಿ, ಹಿಟ್ಟು ಬಳಿದ ಹಾಗೆ ಮಾಸಲಾಗಿದ್ದರೆ ಕಂಚಿನ ಬಿಲ್ಲೆಯದ್ದು. ನಮ್ಮ ಶ್ಯಾವಿಗೆ ಒರಳಿನ ತೂತಿನ ಬಿಲ್ಲೆ ಇದೆಯಲ್ಲಾ, ಅಂಥದ್ದೇ, ಕಾರ್ಖಾನೆಯ ಗಾತ್ರದ್ದು. ಕಂಚಿನ ತೂತಿನಿಂದ ಬಂದ ಎಳೆಗೆ ಸಾಸ್ ಚೆನ್ನಾಗಿ ಹಿಡಿಯುತ್ತದೆ. ಬೆಲೆ ಜಾಸ್ತಿ, ನಿಜ. ನಾನಂತೂ ಎಣ್ಣೆ-ಬೆಳ್ಳುಳ್ಳಿಯಂಥ ಬರಿ ಸಾಸಿಗೆ ಮಾತ್ರ ಅದನ್ನು ಕೊಳ್ಳುತ್ತೇನೆ. ಮಕ್ಕಳ ಚೀಸ್ ಪಾಸ್ತಾಕ್ಕೆ ನುಣುಪಿನದ್ದೇ ಸಾಕು. ಪ್ಯಾಕೆಟ್ಟಿನ ತಳದಲ್ಲಿ ಚೂರು ತುಂಬಾ ಇದ್ದರೆ, ಎಳೆಗಳಲ್ಲಿ ಕೂದಲಿನಂಥ ಬಿರುಕು ಕಂಡರೆ ಬಿಟ್ಟುಬಿಡಿ. ನೀರಿಗೆ ಬಿದ್ದ ತಕ್ಷಣ ಅದು ತುಂಡಾಗುತ್ತದೆ.

ಆಕಾರದ ಹೆಸರು ಕೇಳಿ ಹೆದರಬೇಡಿ. ಅವೆಲ್ಲ ಇಟಲಿಯ ಮನೆಮಾತು. ಸ್ಪಗೆಟಿ ಅಂದರೆ ಸಣ್ಣ ಹುರಿ. ಪೆನ್ನೆ ಅಂದರೆ ಗರಿಯ ಲೇಖನಿ, ತುದಿ ಓರೆಯಾಗಿ ಕತ್ತರಿಸಿರುತ್ತದಲ್ಲಾ. ಫಾರ್ಫಾಲೆ ಚಿಟ್ಟೆ. ವರ್ಮಿಚೆಲ್ಲಿ ಅಂದರೆ ಪುಟ್ಟ ಹುಳಗಳು. ಇದನ್ನು ನಮ್ಮ ಅಮ್ಮನ ಹತ್ತಿರ ಹೇಳಬಾರದಿತ್ತು, ಒಂದು ವಾರ ಪಾಯಸ ಮಾಡಲಿಲ್ಲ. ಹೆಸರಿನ ಜೊತೆ 'ರಿಗಾತೆ' ಅಂತ ಇದ್ದರೆ ಮೈಮೇಲೆ ಗೆರೆಗಳಿವೆ ಅಂತ ಅರ್ಥ.

ಯಾವುದಕ್ಕೆ ಯಾವುದು ಅನ್ನೋದು ಸುಲಭ. ಉದ್ದದ ಎಳೆಗೆ ತೆಳ್ಳಗೆ ಬಳಿದುಕೊಳ್ಳುವ ಎಣ್ಣೆ, ಟೊಮೆಟೊ, ಚಿಪ್ಪಿನ ರಸ. ಕೊಳವೆಗೆ, ಸುರುಳಿಗೆ ತುಂಡು ಇರುವಂಥದ್ದು. ಚಿಕ್ಕ ಕಾಳಿನಂಥವು ಸಾರಿಗೆ, ಬೇಳೆಗೆ. ಕೋಳಿ ಸುಕ್ಕ ಮಿಕ್ಕಿದ್ದರೆ ಅದಕ್ಕೆ ಫುಸಿಲ್ಲಿ ಸುರುಳಿ ಬೇಯಿಸಿ ಹಾಕಿ ನೋಡಿ. ಹುರಿದ ತೆಂಗಿನತುರಿ ಒಂದೊಂದು ಸುತ್ತಿನೊಳಗೂ ಕೂತುಬಿಡುತ್ತದೆ. ಸ್ಪಗೆಟಿಗೆ ಹಾಕಿದರೆ ಅದೇ ತುರಿ ಎಲ್ಲಾ ತಟ್ಟೆಯ ತಳದಲ್ಲಿ. ಬಾರಿಯ ಕುಕ್ ಇದನ್ನು ನೋಡಿದ್ದರೆ ಸೌಟು ತಗೊಂಡು ಅಟ್ಟಿಸಿಕೊಂಡು ಬರುತ್ತಿದ್ದರೇನೋ. ಆದರೆ ಸುಕ್ಕ ತಿಂದ ಮೇಲೆ ಸುಮ್ಮನಾಗುತ್ತಿದ್ದರು ಅಂತ ನನ್ನ ನಂಬಿಕೆ.

ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಅಂತ ಹೇಳುವವರು ಹಡಗಿನಲ್ಲೂ ಇದ್ದರು. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಕಾರ 1154ರಲ್ಲೇ ಸಿಸಿಲಿಯ ತ್ರಾಬಿಯಾ ಊರಿನಲ್ಲಿ ಗೋಧಿಯ ಎಳೆ ಮಾಡಿ ಹಡಗು ತುಂಬಾ ಹೊರಗೆ ಕಳಿಸುತ್ತಾರೆ ಅಂತ ಬರೆದಿದ್ದಾನೆ. ಹಡಗಿಗೆ ಒಣ ಪಾಸ್ತಾ ಹೇಳಿ ಮಾಡಿಸಿದ್ದು. ತಿಂಗಳುಗಟ್ಟಲೆ ಕೆಡುವುದಿಲ್ಲ.

ನೀರು

ಇಲ್ಲಿ ನಿಧಾನ ಮಾಡೋಣ. ಬಹಳ ಮನೆಗಳಲ್ಲಿ ಪಾಸ್ತಾ ಹಾಳಾಗುವುದು ನೀರಿನ ಹತ್ತಿರವೇ.

ಒಬ್ಬರಿಗೆ 100 ಗ್ರಾಂ ಒಣ ಪಾಸ್ತಾ. 100 ಗ್ರಾಮಿಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಪುಡಿ ಉಪ್ಪಾದರೆ ಎರಡು ಚಿಕ್ಕ ಚಮಚ. ನಾಲ್ಕು ಜನ ಅಂದರೆ ನಾಲ್ಕು ಲೀಟರ್, ಗಂಜಿ ಬೇಯಿಸುವ ದೊಡ್ಡ ಪಾತ್ರೆಯೇ ಬೇಕು. ಕುಕ್ಕರಿನಲ್ಲಿ ಸೀಟಿ ಹೊಡೆಸುವವರ ಜೊತೆ ನನಗೆ ಮಾತಿಲ್ಲ. ನೀರು ಸಮುದ್ರದಷ್ಟು ಉಪ್ಪಾಗಿರಬೇಕು ಅಂತ ಒಂದು ಮಾತಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಪಣಂಬೂರಿನಲ್ಲಿ ಅಲೆಯ ಹೊಡೆತಕ್ಕೆ ಒಂದು ಬಾಯಿ ನೀರು ನುಂಗಿದವರಿಗೆ ಅದರಲ್ಲಿ ಬೆಂದದ್ದನ್ನು ತಿನ್ನಲು ಆಗುವುದಿಲ್ಲ ಅಂತ ಗೊತ್ತು. ಸಾರಿನಷ್ಟು ಉಪ್ಪಿದ್ದರೆ ಸಾಕು.

ನೀರು ಕೊತಕೊತ ಕುದಿಯಬೇಕು. ಆಗ ಉಪ್ಪು, ಆಮೇಲೆ ಪಾಸ್ತಾ. ಸ್ಪಗೆಟಿ ಮುರಿಯಬೇಡಿ. ಪಾತ್ರೆಗೆ ನಿಲ್ಲಿಸಿ, ಅರ್ಧ ನಿಮಿಷದಲ್ಲಿ ಕೆಳಗಿನ ಭಾಗ ಮೆತ್ತಗಾಗಿ ತಾನೇ ಒಳಗೆ ಜಾರುತ್ತದೆ. ಮೊದಲ ಎರಡು ನಿಮಿಷ ಬಿಡದೆ ಕೈಯಾಡಿಸಿ. ಮೇಲಿನ ಹಿಟ್ಟು ಆಗ ಅಂಟಂಟಾಗುವುದರಿಂದ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದು ಆ ಹೊತ್ತಿನಲ್ಲೇ. ಎಣ್ಣೆ ಹಾಕಬೇಡಿ. ಎಣ್ಣೆ ನೀರಿನ ಮೇಲೆ ತೇಲಿಕೊಂಡಿರುತ್ತದೆ, ಒಳಗೆ ಅಂಟುವುದನ್ನು ತಪ್ಪಿಸುವುದಿಲ್ಲ. ಬಸಿಯುವಾಗ ಮೈಗೆ ಹತ್ತಿ ಸಾಸ್ ಜಾರುವಂತೆ ಮಾಡುತ್ತದೆ.

ಪ್ಯಾಕೆಟ್‌ನಲ್ಲಿ 10 ನಿಮಿಷ ಅಂತ ಇದ್ದರೆ 8ಕ್ಕೆ ಒಂದು ಎಳೆ ತೆಗೆದು ಕಚ್ಚಿ, ಕಚ್ಚಿದ ಜಾಗ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಇನ್ನೂ ಬೇಯದ ಹಿಟ್ಟು. ಬಾರಿಯ ಕುಕ್ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಕಚ್ಚುವುದು, ತುದಿಯನ್ನು ನನ್ನ ಕಣ್ಣಿಗೆ ಹಿಡಿಯುವುದು, ಅಷ್ಟೇ ಪಾಠ. ಚುಕ್ಕೆ ಮಾಯ ಆಗುವುದಕ್ಕೆ ಸ್ವಲ್ಪ ಮೊದಲೇ ಎತ್ತಬೇಕು. ಉಳಿದದ್ದು ಸಾಸಿನ ಬಾಣಲೆಯಲ್ಲಿ ಬೇಯುತ್ತದೆ.

ಬಸಿಯುವ ಮೊದಲು ಎರಡು ಸೌಟು ನೀರು ಎತ್ತಿಡಿ. ಇದನ್ನು ಮರೆಯುವವರೇ ಜಾಸ್ತಿ. ನಾನೂ ಎಷ್ಟೋ ಸಲ ಮರೆತು ಸಿಂಕ್ ಕಡೆ ನೋಡುತ್ತಾ ನಿಂತಿದ್ದೇನೆ. ಆ ನೀರಿನಲ್ಲಿ ಪಾಸ್ತಾದ ಗಂಜಿ ಇದೆ. ಬಾಣಲೆಯಲ್ಲಿ ಎಣ್ಣೆಯೂ ನೀರೂ ಬೇರೆ ಬೇರೆ ಆಗದಂತೆ ಕೂಡಿಸಿ ದಪ್ಪ ಮಾಡುವುದು ಅದೇ. ಗಂಜಿ ತಿಳಿ ಚೆಲ್ಲದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬಸಿದ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯಲೂ ಬಾರದು. ತೊಳೆದರೆ ಆ ಗಂಜಿ ಎಲ್ಲಾ ಹೋಗುತ್ತದೆ.

ಮರುವಾಯಿ ಸ್ಪಗೆಟಿ

ನೇಪಲ್ಸ್‌ನಲ್ಲಿ ಚಿಪ್ಪಿನ ಸ್ಪಗೆಟಿ ಅಂದರೆ ಜೀವ ಬಿಡುತ್ತಾರೆ. ಎಣ್ಣೆ, ಬೆಳ್ಳುಳ್ಳಿ, ಚಿಪ್ಪು, ಸ್ವಲ್ಪ ಬಿಳಿ ವೈನ್, ಪಾರ್ಸ್ಲಿ ಸೊಪ್ಪು. ಹಡಗಿನಲ್ಲಿ ಮೊದಲ ಸಲ ತಿಂದಾಗ ನನಗೆ ನೆನಪಾದದ್ದು ಅಮ್ಮನ ಮರುವಾಯಿ ಸುಕ್ಕ. ಮರುವಾಯಿ ಅಂದರೆ ನಮ್ಮ ಕಡೆಯ ಚಿಪ್ಪೇ. ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಅಳಿವೆಯ ಮರುವಾಯಿ ಇರುವಾಗ ನಾವ್ಯಾಕೆ ಮಾಡಬಾರದು?

ಇಬ್ಬರಿಗೆ ಮುಕ್ಕಾಲು ಕಿಲೋ ಮರುವಾಯಿ, ಚಿಪ್ಪಿನ ಸಮೇತ. ತಂದ ಕೂಡಲೇ ಉಪ್ಪುನೀರಿನಲ್ಲಿ ಎರಡು ಗಂಟೆ ಇಡಿ, ಹೊಟ್ಟೆಯ ಮರಳು ಉಗುಳುತ್ತದೆ. ಆಮೇಲೆ ಉಜ್ಜಿ ತೊಳೆಯಿರಿ. ಬಾಯಿ ತೆರೆದಿದ್ದನ್ನು ಬೆರಳಿನಿಂದ ತಟ್ಟಿ. ಮುಚ್ಚಿಕೊಂಡರೆ ಜೀವ ಇದೆ, ಮುಚ್ಚದಿದ್ದರೆ ಬಿಸಾಡಿ. ಮುಚ್ಚಳ ಹಾಕಿ ಜೋರು ಉರಿಯಲ್ಲಿ ಮೂರು ನಾಲ್ಕು ನಿಮಿಷ ಇಟ್ಟರೆ ಎಲ್ಲಾ ಬಾಯಿ ಬಿಡುತ್ತವೆ. ನೀರು ಹಾಕುವುದು ಬೇಡ, ಅದರದ್ದೇ ರಸ ಬಿಡುತ್ತದೆ. ಬಾಯಿ ಬಿಡದ್ದನ್ನು ತಿನ್ನಬೇಡಿ. ಆ ರಸವನ್ನು ತೆಳು ಬಟ್ಟೆಯಲ್ಲಿ ಸೋಸಿಡಿ. ಈ ಅಡುಗೆಯ ರುಚಿ ಪೂರ್ತಿ ಅದರಲ್ಲೇ ಇರುವುದು. ಅದು ಉಪ್ಪುಪ್ಪಾಗಿರುವುದರಿಂದ ಪಾಸ್ತಾದ ನೀರಿಗೆ ಮಾಮೂಲಿನ ಅರ್ಧದಷ್ಟೇ ಉಪ್ಪು ಹಾಕಿ.

200 ಗ್ರಾಂ ಸ್ಪಗೆಟಿ ಬೇಯಲು ಬಿಟ್ಟು, ಅಗಲ ಬಾಣಲೆಯಲ್ಲಿ ನಾಲ್ಕು ಚಮಚ ತೆಂಗಿನೆಣ್ಣೆ ಹಾಕಿ. ಆಲಿವ್ ಎಣ್ಣೆ ಇದ್ದರೆ ಅದೂ ಆಗುತ್ತದೆ. ನನಗೆ ಮರುವಾಯಿಗೆ ತೆಂಗಿನೆಣ್ಣೆಯೇ ಸರಿ. ಎಣ್ಣೆ ತಣ್ಣಗಿರುವಾಗಲೇ ಐದು ಎಸಳು ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿ ಹಾಕಿ, ಸಣ್ಣ ಉರಿ. ಅಂಚು ಬಂಗಾರದ ಬಣ್ಣಕ್ಕೆ ಬಂದ ಕೂಡಲೇ ಮುರಿದ ಎರಡು ಬ್ಯಾಡಗಿ ಮೆಣಸು, ಹಿಂದೆಯೇ ಸೋಸಿದ ರಸ. ಬೆಳ್ಳುಳ್ಳಿ ಕಂದು ಆದರೆ ಕಹಿ, ಮತ್ತೆ ಮೊದಲಿನಿಂದ ಮಾಡಬೇಕು. ವೈನ್ ಬದಲಿಗೆ ನಾನು ಒಂದು ಬಿಂಬುಳಿಯನ್ನು, ಅಂದರೆ ಆ ಹುಳಿ ಕಾಯಿಯನ್ನು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಹಾಕುತ್ತೇನೆ. ನಮ್ಮ ಹಿತ್ತಿಲಲ್ಲಿ ಅದು ಉದುರಿ ಕೊಳೆಯುವಷ್ಟಿದೆ.

ಸ್ಪಗೆಟಿಯ ಬಿಳಿ ಚುಕ್ಕೆ ಇರುವಾಗಲೇ ಎತ್ತಿ ಬಾಣಲೆಗೆ ಹಾಕಿ. ಒಂದು ಸೌಟು ಪಾಸ್ತಾ ನೀರು. ಜೋರು ಉರಿ. ಈಗ ಬಾಣಲೆಯನ್ನು ಕುಲುಕಿ, ಚಿಮಟದಲ್ಲಿ ತಿರುಗಿಸಿ. ಮೊದಲು ತಳದಲ್ಲಿ ಎಣ್ಣೆ ಬೇರೆ, ನೀರು ಬೇರೆ ಕಾಣುತ್ತದೆ. ಒಂದು ನಿಮಿಷ ಆದ ಮೇಲೆ ಕುದಿಯ ಸದ್ದು ಬದಲಾಗುತ್ತದೆ. ಚಟಪಟ ನಿಂತು ದಪ್ಪಗೆ ಗೊಳಗೊಳ ಅನ್ನುತ್ತದೆ. ಬಾಣಲೆ ಓರೆ ಮಾಡಿದರೆ ತೆಳು ಕಾಯಿಹಾಲಿನ ಹಾಗೆ ಬೆಳ್ಳಗಿನ ರಸ ನಿಧಾನ ಹರಿಯುತ್ತದೆ. ಅದೇ ಹದ. ಬೆಂದ ಮರುವಾಯಿಯನ್ನು ಚಿಪ್ಪಿನ ಜೊತೆ ಹಾಕಿ, ಒಂದು ಸಲ ತಿರುಗಿಸಿ ಇಳಿಸಿ. ಮೊದಲೇ ಹಾಕಿದರೆ ರಬ್ಬರ್ ಆಗುತ್ತದೆ. ಚೀಸ್ ಬೇಡವೇ ಬೇಡ. ಬಿಸಿ ಇರುವಾಗಲೇ ಉಣ್ಣಬೇಕು, ಕಾದರೆ ಉಂಡೆ.

ಮನೆಯಲ್ಲೇ ಮಾಡುವುದಾದರೆ

ಒರಳಿನ ಕತೆಗೆ ಬರುತ್ತೇನೆ. ಇಟಲಿಯ ವೆನೆಟೊದಲ್ಲಿ ಬಿಗೊಲಿ ಅಂತ ಸ್ಪಗೆಟಿಗಿಂತ ದಪ್ಪನೆಯ ಎಳೆ ಮಾಡುತ್ತಾರೆ. ಅದಕ್ಕೊಂದು ಒರಳು ಇದೆ. ಬೆಂಚಿಗೆ ಜೋಡಿಸಿ, ಬೆಂಚಿನ ಮೇಲೆ ಕುದುರೆ ಸವಾರಿಯಂತೆ ಕೂತು ಹಿಡಿ ತಿರುಗಿಸುವುದು. ಅದರ ಚಿತ್ರ ನೋಡಿದಾಗಲೇ ನಮ್ಮ ಅಟ್ಟದ ಒರಳು ಕಣ್ಣಮುಂದೆ ಬಂದಿತ್ತು. ರಜೆಗೆ ಬಂದವನೇ ಗಟ್ಟಿ ಹಿಟ್ಟು ನಾದಿ ಅದಕ್ಕೆ ತುಂಬಿದೆ. ಬಿಲ್ಲೆ ಮಾತ್ರ ಶ್ಯಾವಿಗೆಯದ್ದೇ, ಕೂದಲಿನಂಥ ತೂತು. ಬೆಂದ ಅಕ್ಕಿ ಹಿಟ್ಟು ಅದರಲ್ಲಿ ಜಾರಿ ಇಳಿಯುತ್ತದೆ. ಹಸಿ ಗೋಧಿ ಹಿಟ್ಟು ರಬ್ಬರಿನ ಹಾಗೆ ಹಿಂದಕ್ಕೆ ಒತ್ತುತ್ತದೆ. ನಾನು ಹಿಡಿಗೆ ಇನ್ನಷ್ಟು ಭಾರ ಹಾಕಿದೆ. ಟಪ್ ಅಂತ ಕಾಲು ಸೀಳಿತು. ಅಮ್ಮ ಒಳಗಿಂದ ಬಂದು ಒರಳನ್ನೂ ನೋಡಿದರು, ನನ್ನನ್ನೂ ನೋಡಿದರು. "ಉಂದು ದಾದ ಮಗಾ?" (ಇದೇನು ಮಗಾ?) ಅಂದರು. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ.

ಎಳೆಯೇ ಬೇಕು ಅಂದರೆ ಚಕ್ಕುಲಿ ಒರಳಿಗೆ ದಪ್ಪ ಖಾರಕಡ್ಡಿಯ ಬಿಲ್ಲೆ ಹಾಕಿ, ಸ್ವಲ್ಪ ಸ್ವಲ್ಪ ಹಿಟ್ಟು ತುಂಬಿ ಒತ್ತಿ. ನೇರ ಕುದಿಯುವ ನೀರಿಗೆ ಒತ್ತಬೇಡಿ. ರವೆ ಉದುರಿಸಿದ ತಟ್ಟೆಯ ಮೇಲೆ ಒತ್ತಿ, ಐದು ನಿಮಿಷ ಆರಲು ಬಿಟ್ಟು ಆಮೇಲೆ ಬೇಯಿಸಿ.

ಹೊಸಬರಿಗೆ ನಾನು ಹೇಳುವುದು ಒರೆಕಿಯೆತ್ತೆ, ಅಂದರೆ ಪುಟ್ಟ ಕಿವಿಗಳು. ಬಾರಿಯ ಕಡೆಯದ್ದು. ಯಂತ್ರ ಬೇಡ, ಮೊಟ್ಟೆ ಬೇಡ. ಹಡಗು ಅಲ್ಲಿ ನಿಂತಾಗ ಕುಕ್ ನನ್ನನ್ನು ಹಳೆ ಊರಿನ ಓಣಿಗೆ ಕರಕೊಂಡು ಹೋಗಿದ್ದರು. ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು, ಮಾತಾಡುತ್ತಾ, ಕೈ ನೋಡದೆ ಕಿವಿಗಳನ್ನು ಉದುರಿಸುತ್ತಿದ್ದರು. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಅಂಗಳದಲ್ಲಿ ಕೂತು ಹಲಸಿನ ಹಪ್ಪಳ ತಟ್ಟುತ್ತಾರಲ್ಲಾ, ಅದೇ ಗದ್ದಲ.

ಬೇಕಾದ್ದು ಬನ್ಸಿ ರವೆ. ಬನ್ಸಿ ಡ್ಯೂರಂ ಜಾತಿಯ ಗೋಧಿಯೇ. ಆದರೆ ಕೆಲವು ಅಂಗಡಿಗಳಲ್ಲಿ ದಪ್ಪ ರವೆಗೆಲ್ಲ ಬನ್ಸಿ ಅಂದುಬಿಡುತ್ತಾರೆ. ಅಂಗೈಗೆ ಹಾಕಿ ನೋಡಿ, ಹಳದಿ ಛಾಯೆ ಇರಬೇಕು. ಮಿಕ್ಸಿಯಲ್ಲಿ ಚಿರೋಟಿ ರವೆಗಿಂತ ನುಣ್ಣಗೆ ಪುಡಿ ಮಾಡಿ. 200 ಗ್ರಾಂ ರವೆಗೆ ಸುಮಾರು 100 ಮಿಲಿ ಉಗುರುಬೆಚ್ಚಗಿನ ನೀರು. ಮಳೆಗಾಲದಲ್ಲಿ ನಮ್ಮ ಕರಾವಳಿಯ ರವೆ ಡಬ್ಬಿಯಲ್ಲೇ ಥಂಡಿ ಹೀರಿರುತ್ತದೆ, ಆಗ ಒಂದೆರಡು ಚಮಚ ಕಡಿಮೆ ಸಾಕು. ಮೊದಲು ಮರಳಿನ ಹಾಗೆ ಇರುತ್ತದೆ, ಕೂಡುವುದೇ ಇಲ್ಲ ಅನ್ನಿಸುತ್ತದೆ. ನೀರು ಸುರಿಯಬೇಡಿ. 10 ನಿಮಿಷ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಕಿವಿಯ ಹಾಲೆಯಷ್ಟು ಮೆದು, ಆದರೆ ಗಟ್ಟಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಬೆರಳು ದಪ್ಪದ ಹಗ್ಗ ಹೊಸೆದು, ಒಂದು ಸೆಂಟಿಮೀಟರಿನ ತುಂಡು ಮಾಡಿ. ಮೊಂಡು ಚಾಕುವನ್ನು ತುಂಡಿನ ಮೇಲೆ ಒತ್ತಿ ನಿಮ್ಮ ಕಡೆ ಎಳೆಯಿರಿ, ಅದು ಸುರುಟಿಕೊಳ್ಳುತ್ತದೆ. ಅದನ್ನು ಹೆಬ್ಬೆರಳ ತುದಿಗೆ ಟೋಪಿಯ ಹಾಗೆ ಮಗುಚಿ. ಒರಟಾದ ಮಗ್ಗುಲು ಹೊರಗೆ ಬಂದರೆ ಗೆದ್ದಿರಿ. ಮೊದಲ ಇಪ್ಪತ್ತು ಕಿವಿಯ ಹಾಗೆ ಕಾಣುವುದಿಲ್ಲ. ನನ್ನವು ಗೋಡಂಬಿಯ ಹಾಗಿದ್ದವು, ಕುಕ್ ಒಂದೊಂದಾಗಿ ಕಸಕ್ಕೆ ಎಸೆದರು. ನೀವು ಎಸೆಯಬೇಡಿ, ಬೆಂದ ಮೇಲೆ ಎಲ್ಲಾ ಒಂದೇ. ಹಸಿಯದ್ದಕ್ಕೆ ಐದಾರು ನಿಮಿಷ ಸಾಕು, ದಪ್ಪಗಿದ್ದರೆ ಎಂಟು. ಬಾರಿಯಲ್ಲಿ ಒಂದು ಕಹಿ ಸೊಪ್ಪಿನ ಜೊತೆ ತಿನ್ನುತ್ತಾರೆ. ನಾನು ಹರಿವೆ ಸೊಪ್ಪನ್ನು ಅದೇ ನೀರಿನಲ್ಲಿ ಕೊನೆಯ ಎರಡು ನಿಮಿಷ ಬೇಯಿಸಿ, ಒಟ್ಟಿಗೆ ಬಸಿದು, ಬೆಳ್ಳುಳ್ಳಿ ಎಣ್ಣೆಗೆ ಹಾಕುತ್ತೇನೆ.

ಮೊಟ್ಟೆಯ ಪಾಸ್ತಾ ಉತ್ತರ ಇಟಲಿಯ ಬೊಲೊನ್ಯಾ ಕಡೆಯದ್ದು. 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ. ನಾದಿ, ಅರ್ಧ ಗಂಟೆ ಬಿಟ್ಟು, ಲಟ್ಟಣಿಗೆಯಲ್ಲಿ ಹಿಂದಿನ ಅಕ್ಷರ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಚಾಪೆಯ ಹಾಗೆ ಸುತ್ತಿ ಕತ್ತರಿಸಿ. ಹೀಗೆ ಕೊಯ್ದ ಪಟ್ಟಿಗೆ ತಾಲ್ಯಾತೆಲ್ಲೆ ಅಂತ ಹೆಸರು. ಅದು ಬೇಯಿಸಿದಾಗ 8 ಮಿಲಿಮೀಟರ್ ಅಗಲ ಇರಬೇಕು ಅಂತ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ 1972ರಲ್ಲಿ ಬಂಗಾರದ ಒಂದು ಎಳೆಯನ್ನೇ ಮಾದರಿಯಾಗಿ ಇಟ್ಟಿದ್ದಾರೆ. ನೀವು ಕಣ್ಣಂದಾಜಿನಲ್ಲಿ ಕೊಯ್ಯಿರಿ. ಎರಡು ಮೂರು ನಿಮಿಷಕ್ಕೆ ಬೇಯುತ್ತದೆ. ಉದುರಿಸಲು ಮೈದಾ ಬೇಡ, ರವೆ ಬಳಸಿ. ನಮ್ಮ ಸೆಕೆಗೆ ಮೈದಾ ಕರಗಿ ಇನ್ನಷ್ಟು ಅಂಟುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಯಾವುದನ್ನೂ ಒಣಗಿಸಿಡಲು ಹೋಗಬೇಡಿ. ಎರಡೇ ದಿನಕ್ಕೆ ಬೂಸ್ಟು. ಮಾಡಿದ ದಿನವೇ ಬೇಯಿಸಿ, ಮಿಕ್ಕಿದ್ದನ್ನು ತಟ್ಟೆಯಲ್ಲಿ ಹರಡಿ ಫ್ರೀಜರಿಗೆ ಇಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಬೇಯಿಸುವಾಗ ಕರಗಿಸುವುದು ಬೇಡ, ಹಾಗೇ ಕುದಿನೀರಿಗೆ.

ಅಮ್ಮನಿಗೆ ಈಗ 81. ಮರುವಾಯಿ ಸ್ಪಗೆಟಿ ಅವರಿಗೆ ಹಿಡಿಸಲಿಲ್ಲ, ಚಿಪ್ಪು ಯಾಕೆ ಬಟ್ಟಲಿಗೆ ಹಾಕಿದ್ದು ಅಂತ ಬೈದರು. ಕಿವಿಗಳು ಮಾತ್ರ ಇಷ್ಟ. ಅವರ ಪಾಲಿನದ್ದನ್ನು ಬೇರೆ ಪಾತ್ರೆಯಲ್ಲಿ ಚಿಟಿಕೆ ಉಪ್ಪು ಹಾಕಿ ಬೇಯಿಸುತ್ತೇನೆ. ಹಲ್ಲಿಲ್ಲ, ಅದಕ್ಕೆ ನಾಲ್ಕು ನಿಮಿಷ ಜಾಸ್ತಿ. ಬಸಿದು ಬಟ್ಟಲಿಗೆ ಹಾಕಿ, ಮೇಲೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಒಂದೊಂದು ಕಿವಿಯಲ್ಲೂ ಹಾಲು ತುಂಬಿಕೊಂಡಿರುತ್ತದೆ.